ನಮ್ಮ ಪಕ್ಕದ ಡಯಾಸ್ಪೊರಾ

ಯಾರೋ ನನ್ನನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದರು. ಹೆಸರು 'ರಾಯಚೂರು ಡಯಾಸ್ಪೊರಾ', ಅಂದರೆ ಊರು ಬಿಟ್ಟು ದೂರ ನೆಲೆಸಿದವರು. ಎಲ್ಲರೂ ಅಮೆರಿಕದಲ್ಲಿ ಇರ್ತಾರೇನೋ ಅಂದುಕೊಂಡೆ. ನೋಡಿದರೆ ಮುಕ್ಕಾಲು ಪಾಲು ಬೆಂಗಳೂರಿನ ವೈಟ್‌ಫೀಲ್ಡ್, ಯಲಹಂಕದವರು. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆಗೆ ಊರು.

ರಾಯಚೂರಿನಲ್ಲೇ ಇರುವ ನಾನು ಅಲ್ಲಿ 'ತಾಯ್ನಾಡಿನ ಪ್ರತಿನಿಧಿ'ಯಂತೆ. ಕೋಟೆಯದೊಂದು ಫೋಟೊ, ಮಂಡಾಳ ಒಗ್ಗರಣೆ-ಮಿರ್ಚಿಯದೊಂದು ಫೋಟೊ ಹಾಕುವುದೇ ನನ್ನ ಕೆಲಸ. ಹಾಕಿದ ಕೂಡಲೇ ಅಳುವ ಮುಖಗಳ ಸಾಲು. ಮೇ ತಿಂಗಳಲ್ಲಿ ಒಬ್ಬರು 'ನಮ್ಮೂರ ಬಿಸಿಲು ಮಿಸ್ ಮಾಡ್ಕೋತಿದೀನಿ' ಅಂತ ಬರೆದರು. ಬಂದು ಒಯ್ರಿ, ಎರಡು ಚೀಲ ಕಟ್ಟಿಟ್ಟಿರ್ತೀನಿ ಎಂದೆ. ಬರಲಿಲ್ಲ.

ಡಯಾಸ್ಪೊರಾ ಗ್ರೀಕ್ ಮಾತು. ಚದುರಿಹೋಗುವುದು ಅಂತ ಅರ್ಥ. ನಾಡು ಕಳೆದುಕೊಂಡ ಯೆಹೂದಿಗಳಿಗೆ ಅಂಟಿಕೊಂಡಿದ್ದ ಮಾತು. ನಮ್ಮ ಜಿಲ್ಲೆಗೂ ಅಂಥವರು ಬಂದಿದ್ದಾರೆ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿಗಳು ಸಿಂಧನೂರಿನ ಕ್ಯಾಂಪುಗಳಲ್ಲಿ ಮನೆ ಮಾಡಿಕೊಂಡು ಐವತ್ತು ವರ್ಷ ಆಗುತ್ತಾ ಬಂತು. ಅವರ ಬಾಯಲ್ಲಿ ಈ ಪದ ನಾನಂತೂ ಕೇಳಿಲ್ಲ.

ಗುಂಪಿನಲ್ಲಿ ಒಂದು ವಾರ ಜಗಳ ನಡೆಯಿತು. ಕೊಪ್ಪಳದವರನ್ನು ಸೇರಿಸಬೇಕೋ ಬೇಡವೋ? 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಯಿತಲ್ಲ, ಅವರು ಹೊಸ್ತಿಲು ದಾಟದೆಯೇ ರಾಯಚೂರಿನಿಂದ ಹೊರಬಿದ್ದವರು. ಕೂತಲ್ಲೇ ಚದುರಿದವರು ಇನ್ನೆಲ್ಲಿ ಸಿಗ್ತಾರೆ? ಸೇರಿಸಲು ಒಪ್ಪಿಗೆಯಾಯಿತು.

ಊರು ಬಿಟ್ಟು ದುಡಿಯಲು ಹೋಗುವುದಕ್ಕೆ ನಮ್ಮ ಕಡೆ ಗುಳೆ ಅಂತ ಹಳೆಯ ಮಾತಿದೆ. ಮಳೆ ಕೈಕೊಟ್ಟರೆ ದೇವದುರ್ಗ, ಲಿಂಗಸುಗೂರು, ಮಸ್ಕಿ ಕಡೆಯವರು ಮನೆಗೆ ಬೀಗ ಜಡಿಯುತ್ತಾರೆ, ಇಲ್ಲವೇ ಮುದುಕರನ್ನು ಮನೆಯಲ್ಲಿ ಬಿಡುತ್ತಾರೆ. ಮಕ್ಕಳು, ಪಾತ್ರೆ, ಜೋಳದ ಚೀಲ ಹೊತ್ತು ಬಸ್ಸು ಹತ್ತುತ್ತಾರೆ. ಅವರು ಹೋಗುವುದೂ ಅದೇ ಬೆಂಗಳೂರಿಗೆ. ಡಯಾಸ್ಪೊರಾದವರ ಅಪಾರ್ಟ್‌ಮೆಂಟಿನ ಪಕ್ಕದಲ್ಲಿ ಏಳುವ ಅಪಾರ್ಟ್‌ಮೆಂಟಿಗೆ ಇಟ್ಟಿಗೆ ಹೊರಲು.

ಇವರನ್ನೂ ಸೇರಿಸೋಣವೇ ಎಂದು ಕೇಳಿದೆ. ಗುಂಪು ಮಧ್ಯಾಹ್ನದವರೆಗೆ ಸುಮ್ಮನಿತ್ತು. ಆಮೇಲೆ ಅಡ್ಮಿನ್ ಬರೆದರು: 'ಅಣ್ಣಾರೆ, ಅದು ಗುಳೆರೀ. ಇದು ಬೇರೆ.'

ಮರುದಿನ ಅವರೇ ತಮ್ಮ ಬಾಲ್ಕನಿಯಿಂದ ತೆಗೆದ ಫೋಟೊ ಹಾಕಿದರು. ಒಂಬತ್ತು ಮಹಡಿ ಕೆಳಗೆ, ತಗಡಿನ ಶೆಡ್ ಮುಂದೆ, ಒಬ್ಬಾಕೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ. 'ಊರು ನೆನಪಾಯ್ತು' ಅಂತ ಬರೆದಿದ್ದರು. ಅಳುವ ಮುಖಗಳು 112.