ಲ್ಯಾಬ್‌ನಲ್ಲಿ ಬೆಳೆದ ಮಾಂಸ ಬೇಕಾ?

ಪರ: ಬರ್ಲಿ ಬಿಡಿ

ಕೋಳಿ ಕುಯ್ಯದೆ ಚಿಕನ್ ಅಂದ್ರೆ ಜನ ಮೊದ್ಲು ನಗ್ತಾರೆ, ಆಮೇಲೆ ಥೂ ಅಂತಾರೆ. ಇದ್ರಲ್ಲಿ ಮಾಟ ಮಂತ್ರ ಏನಿಲ್ಲ ಕಣ್ರೀ, ಕೋಳಿದೋ ದನದ್ದೋ ಒಂಚೂರು ಜೀವಕೋಶ ತೆಗ್ದು, ಸಕ್ಕರೆ, ಅಮೈನೋ ಆಸಿಡ್ ಎಲ್ಲಾ ಇರೋ ದ್ರವದಲ್ಲಿ ಹಾಕಿ, ಸ್ಟೀಲ್ ಟ್ಯಾಂಕಲ್ಲಿ ಮೈಬಿಸಿಯಷ್ಟೇ ಬೆಚ್ಚಗಿಟ್ಟು ಬೆಳೆಸ್ತಾರೆ ಅಷ್ಟೇ. 2013ರಲ್ಲಿ ನೆದರ್ಲೆಂಡ್ಸಿನ ವಿಜ್ಞಾನಿ ಮಾರ್ಕ್ ಪೋಸ್ಟ್ ಲಂಡನ್ನಲ್ಲಿ ಇಂಥ ಮಾಂಸದ ಮೊದಲ ಬರ್ಗರ್ ತೋರ್ಸಿದಾಗ ಅದೊಂದಕ್ಕೇ ಸುಮಾರು ಎರಡೂವರೆ ಲಕ್ಷ ಯೂರೋ ಖರ್ಚಾಗಿತ್ತು, ದುಡ್ಡು ಹಾಕಿದ್ದು ಗೂಗಲ್‌ನ ಸೆರ್ಗೆ ಬ್ರಿನ್. 2020ರ ಡಿಸೆಂಬರ್‌ಗೆ ಸಿಂಗಾಪುರ ಲ್ಯಾಬ್ ಚಿಕನ್ ಮಾರೋಕೆ ಪರ್ಮಿಶನ್ ಕೊಟ್ಟೇಬಿಡ್ತು, 2023ರಲ್ಲಿ ಅಮೆರಿಕಾನೂ ಕೊಡ್ತು. ಸಿಂಗಾಪುರದವ್ರಿಗೆ ಅರ್ಜೆಂಟು ಯಾಕಂದ್ರೆ ಊಟದ ಬಹುಪಾಲು ಹೊರಗಿಂದಾನೇ ಬರ್ಬೇಕು, ಸಾಕೋಕೆ ಜಾಗ ಎಲ್ಲಿದೆ? ಇನ್ನು ಬ್ರಾಯ್ಲರ್ ಶೆಡ್ಡು ಒಳಗೆ ಹೋಗಿ ನೋಡಿದೋರಿಗೆ ನಾನೇನೂ ಹೇಳ್ಬೇಕಿಲ್ಲ, ಆರು ವಾರಕ್ಕೇ ಕಾಲು ತಡೀದಷ್ಟು ಮೈ ಬಂದಿರುತ್ತೆ, ಹಕ್ಕಿ ಜ್ವರ ಬಂತಂದ್ರೆ ಶೆಡ್ಡಿಗೆ ಶೆಡ್ಡೇ ಹೂಳ್ತಾರೆ. ಟ್ಯಾಂಕಿಗೆ ಈ ಗೋಳಿಲ್ಲ. ನಮ್ಮಲ್ಲೂ ಹೈದರಾಬಾದಿನ ಸಿಸಿಎಂಬಿ ಅನ್ನೋ ಜೀವಕೋಶ ಸಂಶೋಧನಾ ಸಂಸ್ಥೆಗೆ ಇದೇ ರಿಸರ್ಚ್ ಮಾಡಿ ಅಂತ 2019ರಲ್ಲಿ ಕೇಂದ್ರ ಸರ್ಕಾರ ಹಣ ಕೊಟ್ಟಿದೆ, ಮಾಡ್ಲಿ.

ವಿರೋಧ: ಹೊಗಳಿಕೆ ಜಾಸ್ತಿ ಆಯ್ತು

ಹಿಂಸೆ ಇಲ್ಲ ಅಂತೀರಲ್ಲ, ಆ ಮೊದಲ ಬರ್ಗರ್ ಬೆಳೆದಿದ್ದು ಯಾವುದ್ರಲ್ಲಿ ಗೊತ್ತಾ? ಗಬ್ಬದ ಹಸು ಕಡಿದಾಗ ಹೊಟ್ಟೇಲಿರೋ ಕರುವಿನ ರಕ್ತದಿಂದ ತೆಗ್ಯೋ ಸೀರಂ, ಅಂದ್ರೆ ರಕ್ತದ ತಿಳಿ, ಬೆರೆಸಿದ ದ್ರವದಲ್ಲಿ. ಈಗ ಕೆಲವು ಕಂಪನಿಗಳು ಅದನ್ನ ಬಿಟ್ಟಿವೆ, ಒಪ್ತೀನಿ. ಆದ್ರೆ ರೇಟು? ಅದನ್ನ ಇಳಿಸೋಕೆ ಅಂತ 2024ರಲ್ಲಿ ಸಿಂಗಾಪುರದ ಅಂಗಡಿಗೆ ಬಂದ ಪ್ಯಾಕೆಟ್ಟಲ್ಲಿ ಲ್ಯಾಬ್ ಕೋಳಿ ಇದ್ದಿದ್ದು ಬರೀ ಶೇ 3, ಉಳಿದಿದ್ದೆಲ್ಲಾ ಹೆಚ್ಚುಕಮ್ಮಿ ಸಸ್ಯದ್ದೇ, ಇದಕ್ಕೆ ಚಿಕನ್ ಅಂತ ಹೆಸ್ರು ಬೇರೆ. ಟ್ಯಾಂಕಿಗೆ ಒಂದು ಬ್ಯಾಕ್ಟೀರಿಯಾ ನುಗ್ಗಿದ್ರೂ ಪೂರ್ತಿ ಚೆಲ್ಬೇಕು, ಆ ಶುಚಿಗೆ, ಬಿಸಿಗೆ ಕರೆಂಟು ಎಷ್ಟು ಬೇಕು, ಆ ಕರೆಂಟು ಕಲ್ಲಿದ್ದಲಿಂದ ಬಂದ್ರೆ ಪರಿಸರಕ್ಕೆ ಏನುಳೀತು? ಇಟಲಿ 2023ರಲ್ಲಿ ಬ್ಯಾನ್ ಮಾಡ್ತಲ್ಲ, ಅಂಗಡೀಲೇ ಇಲ್ಲದ ಸಾಮಾನಿಗೆ ಬ್ಯಾನು, ಅದು ಬರೀ ರಾಜಕೀಯ, ನಾನು ಅದನ್ನ ಕೇಳ್ತಿಲ್ಲ. ನನ್ ತಕರಾರು ಬೇರೆ: ಲ್ಯಾಬ್ ಮಾಂಸದವ್ರ ಲೆಕ್ಕದಲ್ಲಿ ಕುರಿ ಅಂದ್ರೆ ಮಾಂಸ ಅಷ್ಟೇ. ನಮ್ ಕಡೆ ಸುಗ್ಗಿ ಮುಗಿದ ಮೇಲೆ ಕುರುಬರ ಮಂದೆ ಕರೆಸಿ ಹೊಲದಲ್ಲಿ ರಾತ್ರಿ ನಿಲ್ಲಿಸ್ಕೊಂಡು, ಆ ಹಿಕ್ಕೆ ಗೊಬ್ಬರಕ್ಕೆ ರೈತ ದುಡ್ಡೋ ಕಾಳೋ ಕೊಡ್ತಾನೆ, ಉಣ್ಣೆಗೆ ಕಂಬಳಿ, ಕಷ್ಟ ಬಂದ್ರೆ ಸಂತೇಲಿ ಒಂದು ಟಗರು ಮಾರಿದ್ರೆ ಆಸ್ಪತ್ರೆ ಬಿಲ್ಲು. ಸ್ಟೀಲ್ ಟ್ಯಾಂಕು ಇದ್ರಲ್ಲಿ ಯಾವುದು ಕೊಡುತ್ತೆ? ಕೊಟ್ರೂ ಲಾಭ ಪೇಟೆಂಟ್ ಇಟ್ಕೊಂಡ ಕಂಪನಿಗೆ. ಶೆಡ್ಡಿನ ಕೋಳಿ ಮೇಲೆ ಅಷ್ಟು ಕನಿಕರ ಇದ್ರೆ ಶೆಡ್ಡಿಗೆ ಕಾನೂನು ಬಿಗಿ ಮಾಡಿ, ಅದಕ್ಕೆ ಯಾವ ಲ್ಯಾಬೂ ಬೇಕಿಲ್ಲ.