ಮಂಡಕ್ಕಿ ಗಾಡಿಗೆ ಗ್ಯಾಸ್ ಕಟ್ಟಿಸಿದ ಲೆಕ್ಕ

ನಮ್ಮ ಭಾಮೈದ ಹೋದ ತಿಂಗಳು ಫೋನ್ ಮಾಡಿ "ಭಾವ, ನಾನೂ ಗಾಡಿಗೆ ಗ್ಯಾಸ್ ಕಿಟ್ ಹಾಕಿಸ್ಬಿಡ್ಲಾ" ಅಂತ ಕೇಳ್ದ. ಹೂಂ ಅನ್ನೋಕೂ ಆಗ್ಲಿಲ್ಲ ಬ್ಯಾಡ ಅನ್ನೋಕೂ ಆಗ್ಲಿಲ್ಲ, ಯಾಕಂದ್ರೆ ನಾನು ಹಾಕಿಸ್ಕೊಂಡು ಎರಡು ವರ್ಷ ಆಯ್ತು, ಒಂದಿನ ಖುಷಿಯಿಂದ ಒಂದಿನ ಬೈಕೊಂಡು ಓಡಿಸ್ತಿದೀನಿ. ಫೋನಲ್ಲಿ ಅರ್ಧ ಹೇಳಿ ಇಟ್ಟೆ, ಪೂರ್ತಿ ಇಲ್ಲಿ ಬರೀತೀನಿ, ಪೆಟ್ರೋಲ್ ಗಾಡಿ ಇಟ್ಕೊಂಡು ಬಾಡಿಗೆ ಹೊಡಿಯೋರು ಯಾರಿಗಾದ್ರೂ ಉಪಯೋಗ ಆದ್ರೆ ಆಗ್ಲಿ.

ನಂದು ಪೆಟ್ರೋಲ್ ಟಾಟಾ ಏಸ್. ಎರಡೇ ಸಿಲಿಂಡರ್, 694 ಸಿಸಿ, ಇಂಜಿನ್ ನಮ್ಮ ಸೀಟಿನ ಕೆಳಗೇ ಇರುತ್ತೆ. ಕೆಲಸ ಮಂಡಕ್ಕಿ ಹೊರೋದು. ದಾವಣಗೆರೆಲಿ ಭಟ್ಟಿ ಹತ್ರ ಬೆಳಿಗ್ಗೆ ಚೀಲ ತುಂಬ್ಕೊಂಡು ಹೈವೇ ಹಿಡಿದು ಚಿತ್ರದುರ್ಗಕ್ಕೆ ಹೋಗಿ ಅಂಗಡಿ ಅಂಗಡಿಗೆ ಇಳಿಸಿ ಸಂಜೆ ವಾಪಸ್, ಹೋಗಿ ಬರೋದು ಸೇರಿ 120 ಕಿಲೋಮೀಟರ್ ಹತ್ರ ಆಗುತ್ತೆ. ಕಿಟ್ ಹಾಕೋ ಅಂಗಡಿಯವನು ಕ್ಯಾಲ್ಕುಲೇಟರ್ ಒತ್ತಿ ಒತ್ತಿ ತೋರ್ಸಿದ್ದ ಲೆಕ್ಕ ಇದು: ಪೆಟ್ರೋಲ್ 103 ರೂಪಾಯಿ ಹಿಡ್ಕೊಳ್ಳಿ, ಲೋಡಲ್ಲಿ ಲೀಟರಿಗೆ 15 ಕಿಲೋಮೀಟರ್. ಸಿಎನ್‌ಜಿ (ಒತ್ತಿ ತುಂಬಿಸಿದ ನ್ಯಾಚುರಲ್ ಗ್ಯಾಸು) ಕೆಜಿಗೆ 88 ಹಿಡ್ಕೊಳ್ಳಿ, ಕೆಜಿಗೆ 19 ಕಿಲೋಮೀಟರ್. ಕಿಲೋಮೀಟರಿಗೆ ಎರಡು ರೂಪಾಯಿ ಚಿಲ್ಲರೆ ಉಳಿತು, ದಿನಕ್ಕೆ 268 ಅಂತ ಆಯ್ತು. ಕಿಟ್ಟು ಸಿಲಿಂಡರು ಫಿಟ್ಟಿಂಗು ಎಲ್ಲ ಸೇರಿ ನಂಗೆ ಬಿದ್ದಿದ್ದು 68 ಸಾವಿರ. ಅಂದ್ರೆ 254 ದಿನ ಓಡಿಸಿದ್ರೆ ದುಡ್ಡು ವಾಪಸ್, ಆಮೇಲೆ ಬರೋದೆಲ್ಲ ಲಾಭ ಅಂದ. ಲೆಕ್ಕ ತಪ್ಪೇನಿಲ್ಲ ಅದರಲ್ಲಿ. ತಪ್ಪಿದ್ದು ಲೋಡಿನದು, ಅದನ್ನ ಅವನೂ ಕೇಳ್ಲಿಲ್ಲ, ಪೆದ್ದ ನಾನೂ ಹೇಳ್ಲಿಲ್ಲ.

ಮಂಡಕ್ಕಿ ಹೊತ್ತೋರಿಗೆ ಗೊತ್ತು, ಅದರಲ್ಲಿ ತೂಕ ಇಲ್ಲ ಬರೀ ಜಾಗ. ಗಾಡಿ ಪಾಸಿಂಗ್ ತೂಕ (ಕಾನೂನು ಪ್ರಕಾರ ಹೊರಬಹುದಾದಷ್ಟು) ಮುಟ್ಟೋದೇ ಇಲ್ಲ, ಅದಕ್ಕೂ ಮುಂಚೆ ಟ್ರೇ ತುಂಬಿ ಹಗ್ಗ ಸಾಲಲ್ಲ. 40 ಚೀಲ ಹಿಡಿತಿತ್ತು ನನ್ನ ಗಾಡಿ. ಸಿಎನ್‌ಜಿ ಸಿಲಿಂಡರ್ ಕ್ಯಾಬಿನ್ ಹಿಂದ್ಗಡೆ ಟ್ರೇನಲ್ಲಿ ಅಡ್ಡ ಮಲಗಿಸಿ ಪಟ್ಟಿ ಹಾಕಿ ಬೋಲ್ಟ್ ಬಿಗಿದ ಮೇಲೆ ಬೆಳಿಗ್ಗೆ ಭಟ್ಟಿ ಹತ್ರ ಹೋದ್ರೆ ಹಮಾಲಿ ಹುಡುಗ 34 ಚೀಲ ಹಾಕಿ ಕೈ ಒರೆಸ್ಕೊಂಡು ನಿಂತ. "ಇನ್ನು ಆರು ಎಲ್ಲಿ ಹಾಕ್ಲಿ ಅಣ್ಣ, ನಿಮ್ಮ ತಲೆ ಮ್ಯಾಲಾ?" ಅಂದ. ಚೀಲಕ್ಕೆ 12 ರೂಪಾಯಿ ಬಾಡಿಗೆ, ಆರು ಚೀಲ ಅಂದ್ರೆ ದಿನಕ್ಕೆ 72 ಹೋಯ್ತು. 268ರಲ್ಲಿ 72 ಕಳೀರಿ, 196 ಉಳಿತು. 254 ದಿನ ಇದ್ದಿದ್ದು 347 ದಿನ ಆಯ್ತು. ಇದನ್ನ ಯಾವ ಕಿಟ್ ಅಂಗಡಿಯವನೂ ಹೇಳಲ್ಲ, ಯಾಕಂದ್ರೆ ಅವನು ಮೈಲೇಜ್ ಮಾರ್ತಾನೆ, ಜಾಗ ನಮ್ಮ ಕೈಯಿಂದ ಹೋಗುತ್ತೆ. ಕಂಪನಿಯಿಂದಲೇ ಸಿಎನ್‌ಜಿ ಆಗಿ ಬರೋ ಚಿಕ್ಕ ಗಾಡಿಗಳಲ್ಲಿ ಸಿಲಿಂಡರ್ ಚಾಸಿ ಹತ್ರ ಕೆಳಗೆ ಕಟ್ಟಿರ್ತಾರೆ, ಟ್ರೇ ಖಾಲಿ ಉಳಿಯುತ್ತೆ. ನಮ್ದು ಆಮೇಲೆ ಹಾಕಿಸಿದ್ದು. ನಾವೇ ಮನಸ್ಸಿಗೆ ಬಂದಂಗೆ ಕೆಳಗೆ ನೇತಾಕೋಕೂ ಬರಲ್ಲ, ಅದರೊಳಗೆ ಇರೋದು 200 ಬಾರ್ ಪ್ರೆಶರ್, ಕಾರಿನ ಟೈರಿಗೆ ಹೊಡಿಸೋದು 2 ಬಾರ್ ಚಿಲ್ಲರೆ ಅಂದ್ರೆ ನೀವೇ ಅಂದಾಜು ಮಾಡ್ಕೊಳ್ಳಿ.

ಈಗ ಮೇನ್ ಕತೆ. ಹಾಕಿಸಿ ಮೂರನೇ ವಾರ, ಏಪ್ರಿಲ್ ತಿಂಗಳು, ದಾವಣಗೆರೆ ಬಿಸಿಲು ಗೊತ್ತಲ್ಲ, ಟಾರು ಚಪ್ಲಿಗೆ ಅಂಟ್ತಿತ್ತು. ಭರಮಸಾಗರ ದಾಟ್ತಿದ್ದಂಗೆ ಗಾಡಿ ಜರ್ಕ್ ಹೊಡೆಯೋಕೆ ಶುರು ಮಾಡ್ತು, ಎಕ್ಸಲೇಟರ್ ಒತ್ತಿದ್ರೆ ಬಿಕ್ಕಳಿಕೆ ಬಂದೋರ ತರ ಎಳಿತು, ಆಮೇಲೆ ತಾನೇ ಪೆಟ್ರೋಲಿಗೆ ಹೋಯ್ತು. ಸೈಡಿಗೆ ಹಾಕಿ ಸೀಟ್ ಎತ್ತಿ ನೋಡ್ತೀನಿ, ರೆಡ್ಯೂಸರ್ ಅಂತ ಒಂದು ಡಬ್ಬಿ ಇರುತ್ತಲ್ಲ ಗ್ಯಾಸ್ ಪ್ರೆಶರ್ ಇಳಿಸೋದು, ಅದರ ಮೈ ತುಂಬ ಬಿಳಿ ಹಿಮ! ಹಳೇ ಫ್ರಿಜ್‌ನ ಫ್ರೀಜರಲ್ಲಿ ಕಟ್ಕೊಂಡಿರುತ್ತಲ್ಲ ಹಂಗೇ. ಪಕ್ಕದ ಟೀ ಅಂಗಡಿ ಹುಡುಗ ಓಡಿ ಬಂದು ಬೆರಳಲ್ಲಿ ಕೆರೆದು ಬಾಯಿಗೆ ಇಟ್ಕೊಳ್ಳೋಕೆ ಹೋದ, ಕೈಗೆ ಒಂದು ಬಿಟ್ಟೆ. ಕಿಟ್ ಹಾಕಿದೋನಿಗೆ ಫೋನ್ ಮಾಡಿದ್ರೆ "ಗ್ಯಾಸ್ ಅಲ್ವಾ ಅಣ್ಣ, ತಣ್ಣಗೇ ಇರುತ್ತೆ" ಅಂದು ಇಟ್ಟ.

ಅಲ್ಲಿಂದ ಪೆಟ್ರೋಲಲ್ಲೇ ದುರ್ಗ ತಲುಪಿ ಒಬ್ಬ ಹಳೇ ಮೇಸ್ತ್ರಿ ಹತ್ರ ಬಿಟ್ಟೆ. ಅವರು ಸ್ಪ್ಯಾನರ್ ಮುಟ್ಟೋಕೆ ಮುಂಚೆ ರೆಡ್ಯೂಸರಿಗೆ ಬರೋ ಎರಡು ರಬ್ಬರ್ ಪೈಪನ್ನ ಕೈಯಲ್ಲಿ ಹಿಡಿದ್ರು ಅಷ್ಟೇ. "ಇಂಜಿನ್ ಕಾದೈತಿ, ಪೈಪ್ ಯಾಕ ತಣ್ಣಗೈತಿ?" ಅಂದ್ರು. ವಿಷಯ ಏನಂದ್ರೆ 200 ಬಾರಲ್ಲಿರೋ ಗ್ಯಾಸು ಒಂದೇ ಸಲ 2 ಬಾರ್ ಹತ್ರ ಇಳಿದಾಗ ಹಿಗ್ಗುತ್ತೆ, ಹಿಗ್ಗಿದಾಗ ಸುತ್ತಲಿನ ಬಿಸಿ ಎಲ್ಲ ಎಳ್ಕೊಂಡು ಬಿಡುತ್ತೆ. ಅದು ಹೆಪ್ಪುಗಟ್ಟಬಾರ್ದು ಅಂತ ರೇಡಿಯೇಟರ್ ಲೈನಿಂದ ಬಿಸಿ ಕೂಲೆಂಟ್ ರೆಡ್ಯೂಸರ್ ಸುತ್ತ ಓಡಾಡಿಸ್ತಾರೆ. ನನ್ನ ಗಾಡಿಗೆ ಹಾಕಿದ ಮಹಾನುಭಾವ ಎರಡೂ ಪೈಪನ್ನ ಒಂದೇ ಕಡೆ ಲೈನಿಗೆ ಸೇರಿಸಿದ್ದ, ಒಳಗೆ ನೀರು ಓಡ್ತಾನೇ ಇರ್ಲಿಲ್ಲ, ನಿಂತ ನೀರು. ಪೈಪ್ ಬದಲಿಸಿ ಹಾಕಿ ಏರ್ ತೆಗೆದು ಕೂಲೆಂಟ್ ತುಂಬಿ ಕೊಟ್ರು, ತಗೊಂಡಿದ್ದು 350 ರೂಪಾಯಿ ಮತ್ತೆ ಒಂದು ಟೀ. ಅವತ್ತಿಂದ ಇವತ್ತಿನ ತನಕ ಆ ಪ್ರಾಬ್ಲಮ್ ಬಂದಿಲ್ಲ. ಇದೇ ಮೇಸ್ತ್ರಿ ಇನ್ನೊಂದು ಹೇಳಿದ್ರು, ಸಿಎನ್‌ಜಿ ಇದೆ ಅಂತ ಪೆಟ್ರೋಲ್ ಟ್ಯಾಂಕ್ ಒಣಗಿಸ್ಬ್ಯಾಡ, ಪಂಪ್ ಇರೋದು ಟ್ಯಾಂಕೊಳಗೆ, ಪೆಟ್ರೋಲೇ ಅದಕ್ಕೆ ತಂಪು ಅಂತ. ನಾನು ಯಾವಾಗ್ಲೂ ಐದು ಲೀಟರ್ ಇಟ್ಟಿರ್ತೀನಿ.

ಗ್ಯಾಸ್ ತುಂಬಿಸೋ ಪಂಪಿನ ಕಾಟ ಬೇರೆ. ನನ್ನ ಸಿಲಿಂಡರ್ ಫುಲ್ ಆದ್ರೆ 9 ಕೆಜಿ ಹತ್ರ ಹಿಡಿಯುತ್ತೆ, ಆರಾಮಾಗಿ 170 ಕಿಲೋಮೀಟರ್. ಆದ್ರೆ ಫುಲ್ ಆಗ್ಬೇಕಲ್ಲ! ಪೈಪ್‌ಲೈನ್ ಬರದೇ ಇರೋ ಪಂಪಿಗೆ ಗ್ಯಾಸು ಲಾರಿ ಮೇಲೆ ಸಿಲಿಂಡರ್ ಗೊಂಚಲಲ್ಲಿ ಬರುತ್ತೆ, ನಾಲ್ಕು ಗಾಡಿ ತುಂಬ್ತಿದ್ದಂಗೆ ಪ್ರೆಶರ್ ಇಳಿಯುತ್ತೆ. "140 ಬರ್ತೈತೆ ಅಣ್ಣ, ಹಾಕ್ಲಾ?" ಅಂತಾನೆ ಹುಡುಗ. 140 ಬಾರ್ ಅಂದ್ರೆ 6 ಕೆಜಿ ಚಿಲ್ಲರೆ, 118 ಕಿಲೋಮೀಟರ್, ನನ್ನ ಟ್ರಿಪ್ 120. ಆ ಎರಡು ಕಿಲೋಮೀಟರಿಗೆ ನಾನು ದೇವರನ್ನ ಎಷ್ಟು ಸಲ ನೆನೆದಿದೀನೋ. ಬೆಳಿಗ್ಗೆ ಆಟೋದವರ ಕ್ಯೂ, ಲಾರಿ ಬಂದಿಲ್ಲ ಅಂದ್ರೆ ಅದೂ ಇಲ್ಲ. ಕ್ಯೂನಲ್ಲಿ ನಿಂತ ಮುಕ್ಕಾಲು ಗಂಟೆಗೆ ಯಾರು ರೇಟ್ ಕಟ್ತಾರೆ?

ಪೇಪರ್ ವಿಷಯ ಬೇಗ ಹೇಳ್ತೀನಿ. ಬಿಎಸ್6 (ಹೊಸ ಹೊಗೆ ನಿಯಮದ) ಪೆಟ್ರೋಲ್ ಗಾಡಿಗೆ ಹೊರಗಡೆ ಸಿಎನ್‌ಜಿ, ಎಲ್‌ಪಿಜಿ ಕಿಟ್ ಹಾಕಿಸೋಕೆ 2022ರ ಆಗಸ್ಟಲ್ಲಿ ಕೇಂದ್ರ ಸರ್ಕಾರ ಪರ್ಮಿಷನ್ ಕೊಡ್ತು, ಅಪ್ರೂವಲ್ ಇರೋ ಕಿಟ್ಟೇ ಆಗ್ಬೇಕು. ಆರ್‌ಸಿಯಲ್ಲಿ ಫ್ಯೂಯೆಲ್ ಬದಲಾಗ್ಬೇಕು, ಇನ್ಶೂರೆನ್ಸ್‌ನವರಿಗೆ ತಿಳಿಸ್ಬೇಕು, ಸಿಲಿಂಡರಿಗೆ ಮೂರು ವರ್ಷಕ್ಕೊಂದು ಸಲ ಹೈಡ್ರೋ ಟೆಸ್ಟ್ (ನೀರು ತುಂಬಿ ಪ್ರೆಶರ್ ಕೊಟ್ಟು ನೋಡೋದು) ಮಾಡಿಸ್ಬೇಕು. "ಪೇಪರ್ ಎಲ್ಲ ನಾವೇ ಮಾಡಿಸ್ತೀವಿ" ಅಂದೋನು ನಂಗೆ ಮೂರು ತಿಂಗಳು ಆಟ ಆಡ್ಸಿದ, ಅಷ್ಟು ದಿನ ಪೊಲೀಸ್ ಕಂಡ್ರೆ ಎದೆ ಢವಢವ. ಆರ್‌ಸಿ ಕೈಗೆ ಬರೋವರೆಗೂ ಪೂರ್ತಿ ದುಡ್ಡು ಕೊಡ್ಬೇಡಿ.

ಸಿಎನ್‌ಜಿ ಇಷ್ಟು ಕಾಟ ಅಂದ್ರೆ ಬೇರೆ ಏನಾದ್ರೂ ಹಾಕು ಅಂತಾರೆ ಕೆಲವರು. ಎಲ್‌ಪಿಜಿ ಹಾಕ್ಬಹುದು, ಪ್ರೆಶರ್ ತುಂಬಾ ಕಮ್ಮಿ, ಟ್ಯಾಂಕ್ ಹಗುರ. ಆದ್ರೆ ಆಟೋ ಗ್ಯಾಸ್ ಪಂಪ್ ನನ್ನ ದಾರಿಗೆ ಒಪ್ಪಲ್ಲ, ಅಡುಗೆ ಸಿಲಿಂಡರ್ ಕಟ್ಕೊಂಡು ಓಡ್ಸೋದು ಕಾನೂನೂ ಅಲ್ಲ ಬುದ್ಧಿನೂ ಅಲ್ಲ. ನಮ್ಮ ಚಿಕ್ಕಪ್ಪಂಗೆ ಎಥನಾಲ್ ಹುಚ್ಚು. ಅವರದ್ದು ಜಗಳೂರು ಕಡೆ ಮೆಕ್ಕೆಜೋಳ, "ನನ್ನ ಹೊಲದ ಜೋಳದಾಗ ನಿನ್ನ ಗಾಡಿ ಓಡ್ತೈತಿ ಅಂತಾರಲ್ಲೋ" ಅಂತಾರೆ. ಮಾತು ಸುಳ್ಳಲ್ಲ, ಒಂದು ಕ್ವಿಂಟಾಲ್ ಜೋಳಕ್ಕೆ 38 ಲೀಟರ್ ಹತ್ರ ಎಥನಾಲ್ ಬರುತ್ತೆ, ಈಗಾಗ್ಲೇ ಪೆಟ್ರೋಲಲ್ಲಿ 20 ಪರ್ಸೆಂಟ್ ಅದೇ ಇದೆ. ಆದ್ರೆ ಪೂರ್ತಿ ಎಥನಾಲ್ ಹಾಕೋಕೆ ನನ್ನ ಇಂಜಿನ್ ಒಪ್ಪಲ್ಲ. ಪೆಟ್ರೋಲ್ ಒಂದು ಕೆಜಿ ಉರಿಯೋಕೆ 14.7 ಕೆಜಿ ಗಾಳಿ ಬೇಕು, ಎಥನಾಲಿಗೆ 9 ಸಾಕು, ಅಂದ್ರೆ ಅಷ್ಟೇ ಗಾಳಿಗೆ ಇಂಜೆಕ್ಟರ್ ಒಂದೂವರೆಪಟ್ಟು ಎಣ್ಣೆ ಬಿಡ್ಬೇಕು. ಬ್ರೆಜಿಲ್‌ನಲ್ಲಿ 2003ರಿಂದ ಎರಡಕ್ಕೂ ಹೊಂದ್ಕೊಳ್ಳೋ ಗಾಡಿನೇ ಮಾರ್ತಿದಾರೆ, ಅದಕ್ಕೆ ತಕ್ಕ ಇಂಜೆಕ್ಟರ್, ರಬ್ಬರ್, ಕಂಪ್ಯೂಟರ್ ಎಲ್ಲ ಇರುತ್ತೆ. ನಮ್ಮ ಓಣಿಲಿ ಒಬ್ಬ, ಎಥನಾಲ್ ಅಂದ್ರೂ ಆಲ್ಕೋಹಾಲೇ ತಾನೇ ಅಂತ, ಕರೋನಾದಲ್ಲಿ ಉಳಿದ ಸ್ಯಾನಿಟೈಸರನ್ನ ಬೈಕಿಗೆ ಸುರಿದಿದ್ದ. ಎರಡು ಕಿಲೋಮೀಟರ್ ಓಡ್ತು, ಆಮೇಲೆ ತಿಂಗಳಗಟ್ಲೆ ಗ್ಯಾರೇಜಲ್ಲಿತ್ತು.

ಹೊಂಗೆ ಎಣ್ಣೆ ಹಾಕು ಅನ್ನೋರೂ ಇದಾರೆ. ಅದು ಡೀಸೆಲ್ ಇಂಜಿನ್ನಿಗೆ ಸ್ವಾಮಿ, ಕಿಡಿಯಲ್ಲಿ ಓಡೋ ಪೆಟ್ರೋಲ್ ಇಂಜಿನ್ನಿಗಲ್ಲ. ನೀರಲ್ಲಿ ಓಡೋ ಕಿಟ್ಟು ಅಂತ ವಿಡಿಯೋ ಕಳಿಸೋರಿಗೆ ಒಂದೇ ಹೆಸರು ಹೇಳ್ತೀನಿ, 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ಸೊಪ್ಪಿನಿಂದ ಪೆಟ್ರೋಲ್ ಅಂತ ದೇಶಕ್ಕೆ ದೇಶನೇ ನಂಬಿಸಿ, 2016ರಲ್ಲಿ ಕೋರ್ಟಲ್ಲಿ ಮೂರು ವರ್ಷ ಶಿಕ್ಷೆ ಆಯ್ತು. ನೀರಿಂದ ಗ್ಯಾಸ್ ತೆಗೆಯೋಕೆ ಬೇಕಾದ ಕರೆಂಟನ್ನ ಅದೇ ಇಂಜಿನ್ನೇ ಕೊಡ್ಬೇಕು, ತನ್ನ ಬಾಲ ತಾನೇ ತಿಂದು ಹೊಟ್ಟೆ ತುಂಬ್ಕೊಳ್ಳೋ ಹಾವಿನ ತರ.

ನಿಜವಾಗಿ ಓಡಿದ್ದು ಅಂದ್ರೆ ಇದ್ದಿಲ ಬಸ್ಸು. ಎರಡನೇ ಮಹಾಯುದ್ಧದ ಕಾಲ ಪೆಟ್ರೋಲ್ ರೇಷನ್ ಇದ್ದಾಗ ಬಸ್ಸಿನ ಹಿಂದೆ ಡ್ರಮ್ಮು ಕಟ್ಟಿ, ಇದ್ದಿಲು ಹಾಕಿ, ಹಿಡಿಕೆ ತಿರುಗಿಸಿ ಗಾಳಿ ಊದಿ, ಬರೋ ಹೊಗೆ ಗ್ಯಾಸನ್ನೇ ಇಂಜಿನ್ನಿಗೆ ಕೊಡ್ತಿದ್ರು. ನಮ್ಮಜ್ಜ ಹತ್ತಿದೋರು. ಏರು ಬಂದ್ರೆ ಟಿಕೆಟ್ ತಗೊಂಡೋರೆಲ್ಲ ಇಳಿದು ನೂಕ್ಬೇಕಿತ್ತಂತೆ. ದುರ್ಗದ ಹತ್ರ ಏರಲ್ಲಿ ನನ್ನ ಏಸ್ ಗ್ಯಾಸಲ್ಲಿ ಮುಕ್ಕಿರಿಯುವಾಗೆಲ್ಲ ಅಜ್ಜ ನೆನಪಾಗ್ತಾರೆ, ಗುಡ್ಡದ ಮೇಲೆ ಗಾಳಿ ಫ್ಯಾನುಗಳು ಮಾತ್ರ ಆರಾಮಾಗಿ ತಿರುಗ್ತಿರ್ತವೆ.

ಇನ್ನು ಭಾಮೈದನ ವಿಷಯ. ಅವನ ಲೋಡು ಸಿಮೆಂಟು, ಊರೊಳಗೇ ಓಡಾಟ, ಹರಿಹರ ದಾಟಲ್ಲ, ಪಂಪು ಅವನ ಗೋಡೌನ್ ಪಕ್ಕದಲ್ಲೇ ಇದೆ. ಸಿಮೆಂಟಿಗೆ ಜಾಗ ಬೇಕಿಲ್ಲ, ಹದಿನೈದು ಚೀಲಕ್ಕೇ ಪಾಸಿಂಗ್ ತೂಕ ಬಂದುಬಿಡುತ್ತೆ, ಟ್ರೇ ಅರ್ಧ ಖಾಲಿನೇ. ಸಿಲಿಂಡರ್ ತೂಕ 60 ಕೆಜಿ ಹಿಡ್ಕೊಂಡ್ರೂ ಒಂದೆರಡು ಚೀಲ ಕಮ್ಮಿ ಆಗ್ಬಹುದು. ಹಾಕಿಸು ಅಂದೆ. ನನ್ನ ತರ ಮಂಡಕ್ಕಿ, ಹತ್ತಿ, ಖಾಲಿ ಕ್ರೇಟು ಹೊರೋರು ಕೇಳಿದ್ರೆ ಬ್ಯಾಡ ಅಂತಾನೇ ಹೇಳ್ತಿದ್ದೆ.

ನಿನ್ನೆ ಕಟ್ಟಿಸ್ಕೊಂಡು ಮನೆ ಮುಂದೆ ತಂದು ನಿಲ್ಸಿ ಹಾರನ್ ಹೊಡ್ದ, ನಿಂಬೆಹಣ್ಣು ಮೆಣಸಿನಕಾಯಿ ಎಲ್ಲ ಕಟ್ಟಿದ್ದ. ಪೇಡೆ ಬಾಕ್ಸ್ ಚಾಚಿದ. ಪೇಡೆ ಆಮೇಲೆ, ಮೊದ್ಲು ಸೀಟ್ ಎತ್ತು ಅಂದೆ. ರೆಡ್ಯೂಸರಿನ ಎರಡೂ ಪೈಪ್ ಹಿಡಿದು ನೋಡ್ದೆ. ಕೈ ಸುಡ್ತು.