ಯಾರೂ ಹೋಗದ ಜಾಗದಲ್ಲಿ ಪಾರ್ಕಿಂಗ್ ಸಿಗಲಿಲ್ಲ

"ದುರ್ಗಮ ಜಾಗ ಮಾರಾಯ, ಟ್ರೆಕ್ಕಿಂಗ್ ಶೂ ಹಾಕ್ಕೊಂಡು ಬಾ" ಅಂದಿದ್ದ ನನ್ನ ಫೋಟೋಗ್ರಾಫರ್ ಗೆಳೆಯ. ಹೊರಟದ್ದು ಬೈಂದೂರಿನ ಕಡಲ ಬದಿಯ ಗುಡ್ಡ ಒತ್ತಿನೆಣೆಗೆ. ಹೆದ್ದಾರಿ 66 ಬಿಟ್ಟು ಕಾರೇ ಗುಡ್ಡ ಹತ್ತಿತು. ಪಾರ್ಕಿಂಗ್ ಹುಡುಕಲು ಇಪ್ಪತ್ತು ನಿಮಿಷ, ನಡೆದದ್ದು ಐದು ನಿಮಿಷ. ನಮ್ಮ ಚಾರಣ ಮುಗಿಯಿತು.

ಮಳೆ ಬಿಡುವು ಕೊಟ್ಟ ಭಾನುವಾರ. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿ ಇಲ್ಲ. ಅಲ್ಲಿನ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷದಿಂದ ಅಲ್ಲಾಡದೆ ನಿಂತಿವೆ, ಇನ್ನೆರಡು ತಿಂಗಳು ನಿಂತಾವು. ನಮ್ಮವರಿಗೆ ಅಷ್ಟು ತಾಳ್ಮೆ ಇಲ್ಲ. ಹಾಗಾಗಿ ಎಲ್ಲರೂ ಇಲ್ಲೇ. ಬಸ್ಸಿನ ಸೀಟಿಗೆ ಕರ್ಚೀಫ್ ಹಾಕಿದ ಹಾಗೆ ಟ್ರೈಪಾಡ್ ಊರಿ ಜಾಗ ಹಿಡಿದಿದ್ದರು. 'ಜಾರುತ್ತದೆ, ಮುಂದೆ ಹೋಗಬೇಡಿ' ಎಂಬ ಫಲಕ ತುಂಬ ಉಪಯೋಗಕ್ಕೆ ಬಂತು. ಅದಕ್ಕೆ ಕ್ಯಾಮೆರಾ ಬ್ಯಾಗು ನೇತುಹಾಕಿ ಎಲ್ಲರೂ ಕೆಳಗಿನ ಪಾದೆಕಲ್ಲಿಗೆ ಇಳಿದರು.

ಗೆಳೆಯ ಲೆನ್ಸಿಗೆ ಬೆಳಕು ತಗ್ಗಿಸುವ ಕಪ್ಪು ಗಾಜು, ಅಂದರೆ ಎನ್‌ಡಿ ಫಿಲ್ಟರ್ ಹಾಕಿ, ಶಟರನ್ನು 30 ಸೆಕೆಂಡು ತೆರೆದಿಟ್ಟ. ಅಷ್ಟು ಹೊತ್ತಿನಲ್ಲಿ ತೆರೆಗಳೆಲ್ಲ ಕಲಸಿ ಮಂಜಿನ ಹಾಗೆ ಆಗುತ್ತವಂತೆ. ಎದುರಿಗೆ ಕಡಲು ಎದೆ ನಡುಗುವಂತೆ ಮೊರೆಯುತ್ತಿತ್ತು, ಫೋಟೋದಲ್ಲಿ ಇಸ್ತ್ರಿ ಮಾಡಿದ ಬೆಡ್‌ಶೀಟು. ಬೆಡ್‌ಶೀಟು ಮನೆಯಲ್ಲೇ ಇತ್ತಲ್ವಾ ಅಂದೆ. ಗೆಳೆಯ ಉತ್ತರಿಸಲಿಲ್ಲ.

ಇದರಲ್ಲಿ ಇನ್ನೊಂದು ಮಜಾ ಇದೆ. ಇಷ್ಟು ಹೊತ್ತು ಶಟರ್ ತೆರೆದಿದ್ದರೆ ಓಡಾಡುವವರು ಫೋಟೋದಲ್ಲಿ ಮೂಡುವುದೇ ಇಲ್ಲ. ಸುಮ್ನೆ ಕೂತವರು ಮಾತ್ರ ಮೂಡುತ್ತಾರೆ. ಅಂದರೆ ಜಾತ್ರೆಗೆ ಜಾತ್ರೆಯೇ ಮಾಯ. ಉಳಿದದ್ದು ಬಂಡೆಯ ಮೇಲೆ ಗಾಳ ಹಾಕಿ ಕೂತಿದ್ದ ಒಬ್ಬ ಅಜ್ಜ.

"ಅಜ್ಜ, ಸ್ವಲ್ಪ ಅತ್ತ ಇತ್ತ ಓಡಾಡ್ತಾ ಇರ್ತೀರಾ? ನೀವು ಕಾಣಬಾರದು" ಅಂತ ವಿನಯದಿಂದಲೇ ಕೇಳಿದ ಗೆಳೆಯ.

ಅಜ್ಜ ತಿರುಗಿಯೂ ನೋಡಲಿಲ್ಲ. "ನಾ ಓಡಾಡ್ತಾ ಇದ್ರೆ ಮೀನ್ ಕಚ್ಚತ್ತಾ ಮಾರಾಯ?"

ಹತ್ತು ನಿಮಿಷ ಬಿಟ್ಟು ಬೇರೊಬ್ಬ ಬಂದ. ಫ್ರೇಮು ಖಾಲಿ ಖಾಲಿ ಕಾಣುತ್ತದೆ, ಅಲ್ಲಾಡದೆ ಕೂರಿ ಅಂದ. ಅಜ್ಜ ಅದಕ್ಕೂ ಏನೂ ಅನ್ನಲಿಲ್ಲ. ಕೂತೇ ಇದ್ದರಲ್ಲ.

ಸೂರ್ಯ ಕಂತಿತು. ಪಾದೆ ಮೇಲೆ ಬಾಟಲಿ, ಕುರ್‌ಕುರೆ ಪ್ಯಾಕೆಟ್ಟು ಉಳಿದವು. ಅವು ಕೂಡ ಅಲ್ಲಾಡದ ಜಾತಿಯೇ, ಆದರೆ ಅಳಿಸಲು ಮೊಬೈಲಿನಲ್ಲಿ ಒಂದು ಬಟನ್ ಇದೆ.

ಮರುದಿನ ಬೆಳಿಗ್ಗೆ ಫೋಟೋ ಬಂತು. ಬರಹ: 'ಅರಬ್ಬಿ ಕಡಲಲ್ಲಿ ಸೂರ್ಯೋದಯ. ಮನುಷ್ಯರ ಸುಳಿವೇ ಇಲ್ಲದ ಜಾಗ.' ಉಡುಪಿ ಜಿಲ್ಲೆಯಲ್ಲಿ ಸೂರ್ಯ ಪಶ್ಚಿಮಕ್ಕೆ ಹುಟ್ಟಿದ್ದನ್ನು ಯಾರೂ ಕೇಳಲಿಲ್ಲ. ಎಲ್ಲರೂ ಕೇಳಿದ್ದು ಲೊಕೇಶನ್. ಬಾಟಲಿ ಮಾಯ, ಅಜ್ಜನೂ ಮಾಯ. ಗಾಳದ ಕೋಲು ಮಾತ್ರ ಅಳಿಸಲು ಮರೆತುಹೋಗಿ, ಗಾಳಿಯಲ್ಲಿ ತನ್ನ ಪಾಡಿಗೆ ತಾನು ಮೀನು ಹಿಡಿಯುತ್ತಿತ್ತು.